ಲೆಕ್ಕ ತಪ್ಪದ ಹಾಗೆ

ರಾತ್ರಿ ಹನ್ನೊಂದಕ್ಕೆ, ಕೊನೆಯ ಗಿರಾಕಿಯೂ ಎದ್ದ ಮೇಲೆ,
ಅದಿರು ಹಡಗಿನವರು ತಟ್ಟೆಯಡಿ ಬಿಟ್ಟ ಟಿಪ್ಸು
ಏಪ್ರನ್ನಿನ ಜೇಬಿನಿಂದ ಮೇಜಿಗೆ ಸುರಿದುಕೊಳ್ಳುತ್ತೇನೆ.
ಕಾಫಿಯ ಕಲೆ, ಎಂಜಿನ್ ಎಣ್ಣೆ, ಯಾರದೋ ಅರ್ಧ ಫೋನ್ ನಂಬರು.
ಎಲ್ಲ ಒಂದೊಂದು ಡಾಲರು. ಬಿಡಿಸಿ, ಅಂಗೈಯಲ್ಲಿ ತೀಡಿ,
ಗುರುವಾರದ ಸೂಪಿಗೆ ಬಟಾಣಿ ಆರಿಸುತ್ತಿದ್ದ ಅಮ್ಮನ ಹಾಗೆ
ಇಸವಿ ನೋಡುತ್ತೇನೆ, ಇಸವಿಯ ಬಾಲದ ಅಕ್ಷರ ನೋಡುತ್ತೇನೆ.
ಮುಖ ನೋಡುವುದಿಲ್ಲ. ಮುಖ ಎಲ್ಲದರಲ್ಲೂ ಅದೇ,
ಹಲ್ಲುನೋವು ಅದುಮಿಕೊಂಡು ಚಿತ್ರಕ್ಕೆ ಕೂತ ಯಜಮಾನ.

ಒಂದು ಡಾಲರಿನಲ್ಲಿ ಕೂಡಿಡುವಂಥದ್ದೇನಿದೆ ಐಲಾ, ಅನ್ನುತ್ತಾರೆ.
ಇದೆ. ಖಜಾನೆಯಲ್ಲಿ ಸಹಿ ಹಾಕುವವರು ಬದಲಾದರೆ
ಇಸವಿ ನಿಂತಲ್ಲೇ ನಿಂತು ಎ, ಬಿ ಎಂದು ಬಾಲ ಬೆಳೆಸುತ್ತದೆ.
ಐವತ್ತೇಳರದು ನೀಲಿ ಮುದ್ರೆ:
ಕೇಳಿದರೆ ಬೆಳ್ಳಿ ಕೊಡುತ್ತೇವೆಂದು ಅದು ಮಾತು ಕೊಟ್ಟಿತ್ತು.
ಅರವತ್ತಮೂರರದು ಹಸಿರು. ಮಾತು ವಾಪಸು.
ನನ್ನ ಗಂಡ ವೆಂಡೆಲ್ಲನೂ ಹಾಗೇ,
ಬಣ್ಣ ಬದಲಿಸಿ ತೋರಿಸುವಷ್ಟು ಮರ್ಯಾದೆ ಮಾತ್ರ ಇರಲಿಲ್ಲ.

ಒಂದು ಜನವರಿ, ಹಿಮ ಬಾಗಿಲ ಅರ್ಧಕ್ಕೆ ಏರಿದ ದಿನ,
ಆಲ್ಬಮ್ಮಿನಿಂದ ಆ ನೀಲಿಯನ್ನೇ ಎಳೆದುಕೊಂಡು ಹೋದ.
ಅಂಗಡಿಯವನು ಒಂದು ಡಾಲರಿನ ಬ್ರೆಡ್ಡು ಕೊಟ್ಟ.
ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ.
ತಿಂದೆವು. ಇನ್ನೂ ಬೆಚ್ಚಗಿತ್ತು.
ಆಮೇಲೆ ಬೇರೆ ಐವತ್ತೇಳು ಸಿಕ್ಕಿತು. ಅದೇ ಅಲ್ಲ.

ಹನ್ನೆರಡು ಊರಿಗೆ ಹನ್ನೆರಡು ಅಕ್ಷರ.
ಬಾಸ್ಟನ್ನಿಗೆ ಎ, ಕ್ಲೀವ್‌ಲ್ಯಾಂಡಿಗೆ ಡಿ, ಡಲ್ಲಾಸಿಗೆ ಕೆ,
ನಮ್ಮ ಮಿನಿಯಾಪೊಲಿಸ್ಸಿನದು ಐ, ಐಲಾಳ ಐ.
ಅಚ್ಚಾಗುವುದೇ ಅಪರೂಪ.
ಮನೆ ಅಕ್ಷರಕ್ಕಾಗಿ ಡುಲೂತಿನಲ್ಲಿ ಕೂತು
ಟೆಕ್ಸಾಸಿನ ಲಾರಿಯವರ ಜೇಬು ಕಾಯುತ್ತೇನೆ.
ಎಂಬತ್ತೊಂದರ ಪುಟದಲ್ಲಿ ಒಂದು ಪ್ಲಾಸ್ಟಿಕ್ ಕಿಂಡಿ,
ಇಪ್ಪತ್ತು ವರ್ಷದಿಂದ ಖಾಲಿ:
ಐ, ನಕ್ಷತ್ರ.

ನಕ್ಷತ್ರ ಅಂದರೆ,
ಅಚ್ಚಿನಮನೆಯಲ್ಲಿ ನೋಟೊಂದು ಕೆಟ್ಟರೆ, ಶಾಯಿ ಚೆಲ್ಲಿದರೆ,
ಅದನ್ನು ತೆಗೆದು ಆ ಜಾಗಕ್ಕೆ ಇನ್ನೊಂದನ್ನು ಇಡುತ್ತಾರೆ.
ಕಟ್ಟಿನಲ್ಲಿ ನೂರಂದರೆ ನೂರು ಇರಬೇಕಲ್ಲ.
ಬದಲಿಗೆ ಬಂದದ್ದು ಎಂದು ಗೊತ್ತಾಗಲಿ ಅಂತ
ನಂಬರಿನ ತುದಿಯಲ್ಲಿ ಒಂದು ಪುಟ್ಟ ಚುಕ್ಕಿ.

ಲೂಥರನ್ ಚರ್ಚಿನ ಹಿಂದೆ ಒಂದು ಮೋಟು ಕಲ್ಲಿದೆ.
ಐಲಾ ಕೊಸ್ಕೆಲಾ, ಐವತ್ತೇಳು, ಗೀರು, ಐವತ್ತೆಂಟು.
ನಾನು ಹುಟ್ಟಿದ್ದು ಐವತ್ತೊಂಬತ್ತರಲ್ಲಿ.
ತೊಟ್ಟಿಲು ಅದೇ, ಉಣ್ಣೆಯ ಟೋಪಿ ಅದೇ,
ಹೆಸರು ಹುಡುಕುವ ಕೆಲಸವೂ ಇರಲಿಲ್ಲ.
ಅಮ್ಮ ಕೂಗಿದರೆ ಒಂದು ಗಳಿಗೆ ತಡೆದು ಓ ಅನ್ನುತ್ತಿದ್ದೆ,
ಇನ್ಯಾರಾದರೂ ಓ ಅಂದಾರು ಅಂತ.

ಮೊನ್ನೆ ನವೆಂಬರಿನಲ್ಲಿ ಸಿಕ್ಕಿತು.
ಹಡಗಿನ ಅಡುಗೆಯವ ಒಬ್ಬ, ಮಾತಿಲ್ಲದವ, ಮೊಟ್ಟೆ ತಿಂದು
ಲೋಟದಡಿ ಇಟ್ಟು ಹೋದ. ಎಂಬತ್ತೊಂದು. ಐ.
ಸವೆದು ಬಟ್ಟೆಯಾಗಿತ್ತು, ಚುಕ್ಕಿ ಮಾತ್ರ ಚೂಪಾಗಿತ್ತು.
ನಾಲ್ಕು ಗಂಟೆ ಹೊತ್ತು ಜೇಬಿನಲ್ಲಿ ಅದನ್ನು ಮುಟ್ಟುತ್ತಲೇ ಕಾಫಿ ಬಗ್ಗಿಸಿದೆ.

ಆ ರಾತ್ರಿ ಗಲ್ಲಾ ಎಣಿಸುವಾಗ ಒಂದು ಡಾಲರು ಕಮ್ಮಿ.
ಹೊಸ ಹುಡುಗಿ ಡೆಲ್ಫಿನಾ, ಮೂರನೇ ದಿನದ ಕೆಲಸ,
ಮತ್ತೆ ಎಣಿಸಿದಳು, ಮತ್ತೆ ಎಣಿಸಿದಳು,
ಗಲ್ಲ ಒರೆಸಿಕೊಂಡು ಮತ್ತೆ ಮೊದಲಿಂದ.
ಜೇಬಿನಲ್ಲಿ ಬೇರೆ ಡಾಲರುಗಳೂ ಇದ್ದವು.
ಕೈಗೆ ಬಂದದ್ದು ಅದು.
ಇಲ್ಲಿದೆ ನೋಡು, ಮೇಜಿನಡಿ ಬಿದ್ದಿತ್ತು, ಅಂದೆ.
ನೂರು ನೂರೇ ಆಯಿತು. ರಬ್ಬರು ಹಾಕಿದಳು.

ಸರೋವರದ ಗಾಳಿಗೆ ಮುಖ ಕೊಟ್ಟು ಮನೆಗೆ ನಡೆಯುತ್ತ
ಅಪ್ಪನ ಫಿನ್ನಿಶ್ ಬೈಗುಳಗಳಲ್ಲಿ ನನ್ನನ್ನೇ ಬೈದುಕೊಂಡೆ,
ನೆನಪಿದ್ದ ಅಷ್ಟನ್ನೂ.
ಬೆಳಿಗ್ಗೆ ಹೋಗಿ ಬದಲಾಯಿಸಿಕೊಳ್ಳಬಹುದಿತ್ತು.
ಹೊತ್ತಾಗಿ ಎದ್ದೆ.