ಎದುರು ಹಲಗೆ

ಬೆಳಗಿನ ಐದೂಮುಕ್ಕಾಲಿಗೆ ನನ್ನ ಕೆಲಸ ಇಷ್ಟೇ:
ಬೀದಿ ದಾಟಿ, ಕಾಲುಚೀಲ ಎಳೆದುಕೊಳ್ಳುವ ನೆಪದಲ್ಲಿ ಬಗ್ಗಿ,
ಶೆರ್ಮಾದಿನನ ಹಲಗೆಯ ಮೇಲೆ
ಇವತ್ತು ಯಾವ ಅಂಕಿ ಎಂದು ಕದ್ದು ನೋಡಿಕೊಂಡು ಬರುವುದು.
ಕೂಲಿ, ಶೋತಿ ರೊಟ್ಟಿಯ ಒಂದು ಚೂಪು ತುದಿ,
ನಾಲಗೆ ಸುಡುವಷ್ಟು ಬಿಸಿ.

ಕುತಾಯಿಸಿಯ ಆ ಇಳಿಜಾರು ಬೀದಿಗೆ ಎರಡೇ ತೋನೆ,
ನೆಲದಲ್ಲಿ ಹೂತ ಎರಡು ಮಣ್ಣಿನ ಬಾಯಿ.
ಈ ಕಡೆ ನನ್ನ ಅತ್ತೆ ನಾಜಿಬ್ರೋಲಾ.
ಆ ಕಡೆ ಅವನು.
ಹನ್ನೊಂದು ವರ್ಷದಿಂದ ಮಾತಿಲ್ಲ.
ಯಾಕೆಂದರೆ ಒಬ್ಬೊಬ್ಬರದು ಒಂದೊಂದು ಕಥೆ:
ತೂಕ ಕಡಿಮೆ ಬಂದ ಹಿಟ್ಟಿನ ಮೂಟೆಯದು,
ಯಾರದೋ ಮದುವೆಯಲ್ಲಿ ಯಾರ ಹೆಸರಿಗೋ
ಎತ್ತದೆ ಬಿಟ್ಟ ಬಟ್ಟಲಿನದು.

ಹಲಗೆಗಳು ಮಾತ್ರ ಮಾತು ಬಿಟ್ಟಿರಲಿಲ್ಲ.
ಇವಳು ಎಂಬತ್ತು ತೆತ್ರಿ ಎಂದರೆ ಅವನೂ ಎಂಬತ್ತು.
ಅವನು ಎಂಬತ್ತೈದು ಎಂದು ಕೆಮ್ಮಿದರೆ
ಇವಳು ಮೂರು ದಿನ ಕೇಳಿಸದವಳ ಹಾಗಿದ್ದು
ನಾಲ್ಕನೆಯ ದಿನ, ಎಂಬತ್ತೈದು.
ಮೊದಲು ಏರಿಸಿದವರ ಗಿರಾಕಿ ಎದುರಂಗಡಿಗೆ ನಡೆಯುತ್ತಾನೆ,
ಏರಿಸದೇ ಕೂತವರ ಬಾಗಿಲಿಗೆ ಹಿಟ್ಟಿನ ಸಾಲಗಾರ.

ಬೆಲೆ ಹೇಗೆ ಕಟ್ಟುತ್ತೀ ಎಂದೆ ಒಮ್ಮೆ.
ಬೆರಳು ಮಡಚಿದಳು: ಹಿಟ್ಟು, ಉಪ್ಪು, ಸೌದೆ, ಬಾಡಿಗೆ,
ಗೋಡೆ ಬಿಟ್ಟು ಬೂದಿಗೆ ಬಿದ್ದ ರೊಟ್ಟಿ,
ಉದ್ರಿ ತಿಂದು ಊರು ಬಿಟ್ಟವರು.
"ಇದು ಅಸಲು. ಇದಕ್ಕಿಂತ ಇಳಿದರೆ ಕೈ ಕಚ್ಚುತ್ತದೆ."
ಮೊಣಕೈವರೆಗೂ ಒಲೆ ಕಚ್ಚಿದ ಕೈ ಅದು, ಕಲೆಯ ಮೇಲೆ ಕಲೆ.
ಇದು? ಎಂದು ಮುಟ್ಟಿದೆ.
"ಅದನ್ನು ಸೇರಿಸಿದರೆ ಯಾರೂ ಕೊಳ್ಳುವುದಿಲ್ಲ."
ತೋಳು ಇಳಿಸಿಕೊಂಡಳು.
"ಕೆಳಗಿನ ಗೆರೆ ನನ್ನದು. ಮೇಲಿನದು ಕೊಳ್ಳುವವರ ಹುಬ್ಬು.
ಅದು ಏರುವ ಒಂದು ಕೂದಲು ಮೊದಲು ನಿಲ್ಲಬೇಕು."

ಒಂದು ಜನವರಿ, ಅವನ ಹಲಗೆಯಲ್ಲಿ ಅರವತ್ತು.
ಎರಡು ಸಲ ಬಗ್ಗಿದೆ. ಅರವತ್ತೇ.
ಓಡಿಬಂದು ಹೇಳಿದಾಗ ಅತ್ತೆಯ ಮುಖ ಹಿಟ್ಟಾಯಿತು.
ಸೀಮೆಸುಣ್ಣ ಹಿಡಿದು ನಿಂತಳು.
ತಾನೂ ಅರವತ್ತೆಂದರೆ ತಿಂಗಳಲ್ಲಿ ಬಾಗಿಲು ಮುಚ್ಚುತ್ತದೆ,
ಅನ್ನದಿದ್ದರೆ ವಾರದಲ್ಲಿ.
ಏನೂ ಬರೆಯದೆ ಏಪ್ರನ್ ಬಿಚ್ಚಿ
ಬೀದಿ ದಾಟಿದಳು. ನಾನು ಹಿಂದೆ.

"ಒಂದು," ಎಂದಳು, ಯಾರೋ ದಾರಿಹೋಕಳ ಹಾಗೆ.
ಅರವತ್ತು ಎಣಿಸಿಟ್ಟಳು. ಅವನೂ ಎಣಿಸಿಕೊಂಡ.
ಅಲ್ಲೇ ಮುರಿದಳು:
ಒಂದು ಮಗ್ಗುಲು ಕರಿ, ಒಳಗೆ ಹಸಿ.
ಅವನ ಬೆನ್ನ ಹಿಂದೆ ತೋನೆಯ ಗೋಡೆಯಲ್ಲಿ
ನನ್ನ ಮುಷ್ಟಿ ತೂರುವಷ್ಟು ಬಿರುಕು.
ನಾವು ಯುದ್ಧವೆಂದುಕೊಂಡದ್ದು
ಒಬ್ಬ ಮಾನವಂತ ತನ್ನ ಕೆಟ್ಟ ರೊಟ್ಟಿಗೆ
ಹಾಕಿಕೊಂಡ ದಂಡ.

ಆ ಇಡೀ ದಿನ ಅವಳು ಬೆರಳು ಮಡಚುತ್ತಲೇ ಇದ್ದಳು.
ಪುಕ್ಕಟೆ ಎಂದರೆ ಅವನು ಬರುವುದಿಲ್ಲ.
ಕಡಿಮೆ ಎಂದರೆ ಭಿಕ್ಷೆಯಾಯಿತು.
ಹೆಚ್ಚೆಂದರೆ ಅವನಿಗೆ ಗಿಟ್ಟುವುದಿಲ್ಲ.
ಇಷ್ಟು ಕಷ್ಟದ ಲೆಕ್ಕವನ್ನು ಅವಳು
ರೊಟ್ಟಿಗೆ ಎಂದೂ ಹಾಕಿದ್ದು ಕಾಣೆ.
ಸಂಜೆ ನನ್ನ ಕೈಯಲ್ಲಿ ಬರೆಸಿದಳು, ರೊಟ್ಟಿಯ ದರದ ಕೆಳಗೆ:
*ಹತ್ತರ ಮೇಲೆ ತೋನೆ ಖಾಲಿ. ರೊಟ್ಟಿಗೆ ಏಳು ತೆತ್ರಿ.*

ಮರುದಿನ ಬೆಳಿಗ್ಗೆ ಅವನ ಹುಡುಗ
ನಮ್ಮ ಹಲಗೆಯೆದುರು ಬಗ್ಗಿ ಲೇಸು ಕಟ್ಟಿಕೊಂಡ.
ಹತ್ತಕ್ಕೆ ಶೆರ್ಮಾದಿನ ಬಂದ, ಹಿಟ್ಟಿನ ತೊಟ್ಟಿ ಹೊತ್ತು.
"ಆರು," ಎಂದ.
ಅತ್ತೆ ನಕ್ಕದ್ದು ನನಗೆ ಕಂಡಿತು, ಅವನಿಗಲ್ಲ.
"ಏಳು," ಎಂದಳು.
ಹನ್ನೊಂದು ವರ್ಷದ ಮೇಲೆ ಅವರಾಡಿದ ಮೊದಲ ಮಾತು
ಈ ಚೌಕಾಸಿ.

ಈಗ ನಾನು ತ್ಬಿಲಿಸಿಯಲ್ಲಿ ಹೋಟೆಲು ಕೋಣೆಗಳಿಗೆ ದರ ಕಟ್ಟುತ್ತೇನೆ,
ಕಟ್ಟುವುದು ಯಂತ್ರ, ನಾನು ಕಾಯುವವನು.
ಏಳೇಳು ನಿಮಿಷಕ್ಕೆ ಅದು ನಾನೂರು ಹಲಗೆ ಇಣುಕುತ್ತದೆ,
ಬಗ್ಗುವುದಿಲ್ಲ, ನೆಪ ಬೇಡ, ಕೂಲಿ ಕೇಳುವುದಿಲ್ಲ.
ಅವರು ಅರವತ್ತೆಂದರೆ ಇದು ಐವತ್ತೊಂಬತ್ತು.

ಅಪರಾತ್ರಿ ಯಾವುದೋ ಸಣ್ಣ ಹೋಟೆಲಿನ ದರ
ತೆರೆಯ ಮೇಲೆ ಸಟಕ್ಕನೆ ಕುಸಿದಾಗ
ನನ್ನ ಕೈ ತಾನಾಗಿ
ಕಾಲುಚೀಲಕ್ಕೆ ಹೋಗುತ್ತದೆ.