ಬೀಗದ ತೂಕ

ಮಂಡಿಪೇಟೆಯ ಹತ್ತಿ ಅಂಗಡಿಯಲ್ಲಿ
ಲೆಕ್ಕದ ಯಂತ್ರ ಉಗುಳಿದ ಕಾಗದದ ಪಟ್ಟಿ,
ಎರಡೂಕಾಲು ಇಂಚು ಅಗಲ.
ಒಂದು ಮುಖಕ್ಕೆ ಕ್ವಿಂಟಲ್ಲು, ರೂಪಾಯಿ, ಪೈಸೆ,
ಇನ್ನೊಂದು ಮುಖ ಖಾಲಿ.
ಆ ಖಾಲಿಯನ್ನು ಕೊಟ್ರ
ಕಿಸೆಯಲ್ಲಿ ತುಂಬಿಕೊಂಡು ಬಂದ.

ಕಾಗೆ ಬರೆದ. ಕಾಗೆಯ ಪಕ್ಕ ಅದೇ ಕಾಗೆ,
ರೆಕ್ಕೆ ಮಾತ್ರ ಕೂದಲೆಳೆಯಷ್ಟು ಮೇಲೆ.
ಮುನ್ನೂರ ಹನ್ನೆರಡು ಕಾಗೆ ಆಗುವಷ್ಟರಲ್ಲಿ
ದಸರಾ ರಜೆ ಮುಗಿದಿತ್ತು.
ಬೆಳಕು ಹಾಯಬೇಕಲ್ಲ, ಹರಳೆಣ್ಣೆ ಸವರಿದೆವು.
ಕ್ವಿಂಟಲ್ಲು ರೂಪಾಯಿಗಳೂ ಹಾದು ಬಂದವು,
ತಿರುವುಮುರುವಾಗಿ, ಕಾಗೆಯ ಹೊಟ್ಟೆಯೊಳಗೆ.

ಬಿಸ್ಕತ್ತಿನ ಡಬ್ಬಿ, ಅರವತ್ತರ ಬಲ್ಬು,
ಅಜ್ಜನ ಕನ್ನಡಕದ ಬಲಗಣ್ಣು.
ಎಡಗಣ್ಣು ಸಾಕು ಬಿಡ್ರೋ,
ಪೇಪರಿನಾಗೆ ಓದೋಕೇನೈತೆ, ಅಂದಿದ್ದ.

ಹಿಡಿಕೆ ತಿರುಗಿಸುವ ಕೆಲಸ ನನ್ನದು.
ಮೆಲ್ಲಗಾದರೆ ಪಟ್ಟಿ ಹೊಟ್ಟೆ ಬಿಡುತ್ತಿತ್ತು,
ಗೋಡೆಯ ಮೇಲೆ ಕಾಗೆ
ಬಾವಿಗೆ ಬಿದ್ದ ಹಾಗೆ ಕದಡುತ್ತಿತ್ತು.
ಜೋರು ಮಾಡಿದರೆ ಪರಕ್ಕನೆ
ನೂರಾ ನಲವತ್ತನೆಯ ಕಾಗೆಯ ಕುತ್ತಿಗೆ.
ಕೊಟ್ರ ನನ್ನ ಕಿವಿ ಹಿಂಡಿದ.
ನಾನು ಅವನ ಮೊಣಕೈ ಕಚ್ಚಿದೆ.

ಆಚೆ ಮನೆಯ ಹೊನ್ನೂರಬಿ ಬಂದಳು,
ಸದ್ದು ಕೇಳಿಯಲ್ಲ, ಸದ್ದು ನಿಂತದ್ದು ಕೇಳಿ.
ಹತ್ತೊಂಬತ್ತು ವರ್ಷ ಗಿರಣಿಯ ವೈಂಡಿಂಗ್ ಖಾತೆ.
ಎಲ್ಲಿ ನೂಲು ಹರಿದರೂ ಅಲ್ಲಿಗೆ ಕೈ ತಾನೇ ಹೋಗುವವಳು.
ಆ ವರ್ಷ ಗಿರಣಿಗೆ ಬೀಗಮುದ್ರೆ;
ಬೀಡಿ ಎಲೆ ಕತ್ತರಿಸಿ ದಿನ ದೂಡುತ್ತಿದ್ದಳು.

"ಎಳೆಯೋದು ಸುಲಭ ಕಣವ್ವ," ಅಂದಳು,
"ಬಿಡೋ ಕಡೆ ಯಾರು ಹಿಡಕಂಡಿರೋದು?"

ಬಿಡುವ ಕಡೆ ಯಾರೂ ಇರಲಿಲ್ಲ.
ಸುರುಳಿ ತನ್ನ ಪಾಡಿಗೆ ತಾನು
ಮೊಳೆಯ ಮೇಲೆ ಉರುಳುತ್ತಿತ್ತು.

ಚಳ್ಳಕೆರೆ ಕಂಬಳಿಯ ಚೂರು ಕೊಟ್ಟಳು ಸುರುಳಿಯ ಬೆನ್ನಿಗೆ,
ಅವಸರ ಬ್ಯಾಡ ಅನ್ನಲಿಕ್ಕೆ.
ಕಿಂಡಿಯ ಮೇಲೊಂದು ಕೆಳಗೊಂದು
ಒಡೆದ ಗಾಜಿನ ಬಳೆಯ ತುಂಡು, ಪಟ್ಟಿ ಜಾರಲಿಕ್ಕೆ.
ಹರಿದ ಕುತ್ತಿಗೆಯನ್ನು ಓರೆಯಾಗಿ ಕತ್ತರಿಸಿ
ಅನ್ನದ ಅಗುಳಿಂದ ಅಂಟಿಸಿದಳು:
ನೆಟ್ಟಗಿನ ಕೂಡಿಕೆ ಗಕ್ಕನೆ ತಡೀತೈತೆ,
ಓರೆ ಕೂಡಿಕೆ ನುಸುಳ್ಕಂಡು ಹೋಗ್ತೈತೆ.

ಕೊನೆಗೆ, ಸುರುಳಿಗೂ ಕಿಂಡಿಗೂ ನಡುವೆ
ಪಟ್ಟಿಯನ್ನು ಗೇಣುದ್ದ ಜೋಲು ಬಿಟ್ಟು
ಆ ಜೋಲಿನಲ್ಲಿ ಖಾಲಿ ದಾರದ ರೀಲು ಕೂರಿಸಿ
ರೀಲಿಗೆ ತೂಗಿಬಿಟ್ಟಳು ಒಂದು ಬೀಗ.
ಗಿರಣಿಯ ಅವಳ ಕಪಾಟಿನದು. ಇನ್ನೂರ ಏಳು.
ಬೀಗ ಸೆರಗಿನ ಗಂಟಲ್ಲಿ ಹೊರಗೆ ಬಂದಿತ್ತು,
ಬೀಗದ ಕೈ ಒಳಗೇ ಉಳಿದಿತ್ತು.

"ಮ್ಯಾಲೆ ಬಂದ್ರೆ ಬಿಗಿ ಜಾಸ್ತಿ ಆತು ಅಂತ.
ಕೆಳಗಿಳಿದ್ರೆ ಸಡ್ಲ ಆತು ಅಂತ.
ಕಾಗೆ ನೋಡಬ್ಯಾಡ ನೀನು,
ಬೀಗ ನೋಡು."

ಬಾಷಾ ನಗರ, ಮಂಡಕ್ಕಿ ಭಟ್ಟಿಯ ಹಿಂಗೋಡೆ,
ಟಿಕೇಟಿಗೆ ಒಂದು ಹಿಡಿ ಮಂಡಕ್ಕಿ,
ಹನ್ನೊಂದು ಜನ, ಒಂದು ಮೇಕೆ.
ಬಲ್ಬಿನ ಕಾವಿಗೆ ಹರಳೆಣ್ಣೆಯ ವಾಸನೆ ಎದ್ದಿತು.
ಕಾಗೆ ಹೊರಟಿರಬೇಕು.
ನಾನು ಬೀಗ ನೋಡುತ್ತಿದ್ದೆ.
ಬೀಗ ನೆಲದಿಂದ ನಾಲ್ಕು ಬೆರಳ ಮೇಲೆ
ಉಸಿರಾಡುವ ಹಾಗೆ ಏರಿ ಇಳಿದು ನಿಂತಿತು.
ಕಾಗೆ ಭಟ್ಟಿಯ ಹೊಗೆ ದಾಟಿತಂತೆ.
ಕಾಗೆ ತಿರುಗಿ ನೋಡಿತಂತೆ,
ಜನ ಹೋ ಅಂದರು.
ಕುತ್ತಿಗೆಯ ಕೂಡಿಕೆ ಬಂದಾಗ ಬೀಗ ಕೂದಲೆಳೆ ಅದುರಿತು;
ನನ್ನ ಹೊರತು ಯಾರಿಗೂ ಗೊತ್ತಾಗಲಿಲ್ಲ.

ಹಾಗಾಗಿ ಆ ಸಿನಿಮಾ
ನಾನು ಇವತ್ತಿಗೂ ನೋಡಿಲ್ಲ.

ಟಣ್ ಅಂತ ಬೀಗ ನೆಲಕ್ಕೆ ಬಿತ್ತು.
ಪಟ್ಟಿ ಮುಗಿದಿತ್ತು. ಆಗ ತಲೆ ಎತ್ತಿದೆ.
ಗೋಡೆಯ ತುಂಬ ಬರೀ ಬೆಳಕು,
ಅದರ ನಡುವೆ ಎರಡು ಕೈ.
ಹೊನ್ನೂರಬಿ ಬೆಳಕಿಗೆ ಅಡ್ಡ ಬಂದಿದ್ದಳು,
ಇಲ್ಲದ ನೂಲಿನ ಎರಡು ತುದಿ ಹಿಡಿದು
ಹೆಬ್ಬೆರಳ ಮೇಲೆ ದಾಟಿಸಿ, ಸುತ್ತಿ, ಜಗ್ಗಿ
ಗಂಟು ಹಾಕುತ್ತಿದ್ದಳು,
ಒಂದಾದ ಮೇಲೊಂದು, ಬಲು ವೇಗದಲ್ಲಿ.
ಕೊಟ್ರ ಬಲ್ಬು ಆರಿಸಲು ಕೈ ಚಾಚಿದ.
ನಾನು ಅವನ ಮೊಣಕೈ ಹಿಡಿದುಕೊಂಡೆ.