ಗೂಡಿನ ನೆರಳು

ಕಂಪನಿಯ ಹುಡುಗ ಬಾಸಿಲ್ ಮಾಳಿಗೆ ಹತ್ತಿದ,
ಇಸ್ತ್ರಿ ಅಂಗಿ, ಟೈ, ಕೈಯಲ್ಲಿ ಟ್ಯಾಬು.
ಅಳೆದ. ಸೂರ್ಯನ ಕಡೆ ನೋಡಿದ.
ಪಾರಿವಾಳದ ಗೂಡಿನ ಕಡೆ ನೋಡಿದ.
"ಇದು ಹೋಗಬೇಕು," ಅಂದ. "ಮಧ್ಯಾಹ್ನ ಮೂರಾದರೆ
ಇದರ ನೆರಳು ನಾಲ್ಕು ಪ್ಯಾನೆಲ್ ನುಂಗುತ್ತದೆ.
ಹಿಕ್ಕೆಯ ಕಾಟ ಬೇರೆ."

ನನಗೆ ಒಳಗೊಳಗೇ ಹಿಗ್ಗು.
ಇಪ್ಪತ್ತೆರಡು ವರ್ಷ ನಾನು ಬಡಕೊಂಡದ್ದನ್ನೇ
ಈಗ ಟೈ ಕಟ್ಟಿದವನೊಬ್ಬ ಹೇಳುತ್ತಿದ್ದಾನೆ.

ಪಾರಿವಾಳ ಹಾರಿಸುವವನ ಸಾಕ್ಷಿ ಕೋರ್ಟಿನಲ್ಲಿ ನಡೆಯದಂತೆ,
ಹಾಗಂತಾರೆ ಟ್ರಿಪೋಲಿಯ ಈ ಮೀನಾ ಬಂದರಿನ ಮುದುಕರು.
ಮನೆಯಲ್ಲೂ ನಡೆದಿರಲಿಲ್ಲ.
ಮಿಸ್ಬಾಹ್ ಮಾತೇ ಆಡಲಿಲ್ಲ.
ದರಪಟ್ಟಿ ಮಡಿಸಿ ಕಾಳಿನ ಡಬ್ಬಿಯಡಿ ಇಟ್ಟ.

ಮಿಸ್ಬಾಹ್ ಎಂದರೆ ದೀಪ.
ಹೆಸರಿಗೆ ದೀಪ. ಈಚೆಗೆ ನಾನು ಕಂಡದ್ದು
ಮೇಣದಬತ್ತಿ, ಮತ್ತೆ
ಕೇರಿಯ ಜನರೇಟರಿನ ಬಾಡಿಗೆ ಕರೆಂಟು, ಐದು ಆಂಪಿಯರ್.
ಇಸ್ತ್ರಿಪೆಟ್ಟಿಗೆ ಹಾಕಿದರೆ ಫ್ರಿಜ್ ಆರಿಸು,
ಫ್ರಿಜ್ ಹಾಕಿದರೆ ಕತ್ತಲಲ್ಲಿ ಕೂರು.
ತಿಂಗಳ ಮೊದಲ ದಿನ ಬೆರಳಿನ ಉಂಗುರದಿಂದ
ತಕ್, ತಕ್, ಬಾಗಿಲು ತಟ್ಟುವ ವಸೂಲಿಯವ.

"ಕಂಪನಿಯವರು ಇಪ್ಪತ್ತೈದು ವರ್ಷ ಗ್ಯಾರಂಟಿ ಕೊಡ್ತಾರೆ," ಅಂದೆ.
"ಈ ಊರಲ್ಲಿ?" ಅಂದ.
ಅಷ್ಟೇ.
ಬ್ಯಾಂಕಿನವರೂ ಕೊಟ್ಟಿದ್ದರು ಗ್ಯಾರಂಟಿ.
ನನ್ನ ಬಳೆ ಮಾರಿದ ದುಡ್ಡು ಅಲ್ಲೇ ಇದೆ,
ಭದ್ರವಾಗಿದೆ, ಯಾರ ಕೈಗೂ ಸಿಗದ ಹಾಗೆ.

ಹನ್ನೆರಡು ಪ್ಯಾನೆಲ್ ಮೀನಿನ ಗಾಡಿಯಲ್ಲಿ ಬಂದವು.
ಐದು ಮಹಡಿ, ಒಂದೊಂದಾಗಿ,
ಇವನೂ ಇವನ ತಮ್ಮ ಝಾಹಿಯೂ
ಮೆಟ್ಟಿಲ ತಿರುವಿನಲ್ಲಿ ಓರೆ ಮಾಡಿ, ಹೆಣ ಹೊತ್ತ ಹಾಗೆ ಹೊತ್ತರು.
ದೋಣಿಗೆ ಬೆಸುಗೆ ಹಾಕುವ ಕೈ ಅವನದು;
ಉಪ್ಪುಗಾಳಿ ಯಾವ ಕಬ್ಬಿಣ ತಿನ್ನುತ್ತದೆ, ಯಾವುದನ್ನು ಬಿಡುತ್ತದೆ,
ಅದು ದರಪಟ್ಟಿಯಲ್ಲಿ ಇರಲಿಲ್ಲ.
ಗೂಡನ್ನು ಬಳಸಿಕೊಂಡು ಸಾಲು ಹಾಕಿದ,
ಎಂಟು ಈ ಕಡೆ, ನಾಲ್ಕು ಆ ಕಡೆ,
ಹಲ್ಲು ಬಿದ್ದ ಬಾಯಿಯಂತೆ.
ಬೋಲ್ಟು, ಸ್ಪ್ಯಾನರು, ಬೈಗುಳ
ಕೆಳಗಿನಿಂದ ನಾನು ಒದಗಿಸಿದೆ.

ಶುಕ್ರವಾರ ಮಧ್ಯಾಹ್ನ ಸ್ವಿಚ್ ಒತ್ತಿದ.
ಚಟ್.
ಸುಟ್ಟ ಉಗುರಿನ ವಾಸನೆ.
ಇನ್ವರ್ಟರು ಒಂದು ಕೆಂಪು ಕಣ್ಣು ಬಿಟ್ಟು ಮುಚ್ಚಿಕೊಂಡಿತು.
ಕಾಳಿನ ಡಬ್ಬಿ ಸರಿಸಿ ಆ ನಂಬರಿಗೆ
ಫೋನು ಮಾಡಿದವಳು ನಾನು.

ಭಾನುವಾರ ಬಂದ, ರಜೆಯ ದಿನ,
ಟೈ ಇಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ.
"ಕಂಪನಿಗೆ ಗೊತ್ತಾಗಬಾರದು."
ಮೀಟರಿನ ಕಡ್ಡಿ ಅಲ್ಲಿ ಇಲ್ಲಿ ಚುಚ್ಚಿದ.
ಆ ಕಡೆಯ ನಾಲ್ಕರಲ್ಲಿ ಪ್ಲಸ್ಸು ಮೈನಸ್ಸು ಅದಲುಬದಲು.
"ಯಜಮಾನರೇ, ಅರ್ತ್ ತಂತಿ ಎಲ್ಲಿಗೆ ಹೋಗಿದೆ?"
ಹೂಕುಂಡಕ್ಕೆ ಹೋಗಿತ್ತು.
"ಮಣ್ಣಿಗೆ ಅಂತ ಬರೆದಿತ್ತು," ಅಂದ ಮಿಸ್ಬಾಹ್.

ನಕ್ಕೆವು. ಬಾಸಿಲನೂ ನಕ್ಕ.
ಆಮೇಲೆ ಅವನ ಮುಖ ಬಿಳಿಚಿತು,
ನನ್ನ ಮುಖ ಆಮೇಲಿನ್ನೂ ಸ್ವಲ್ಪ ಹೊತ್ತಿಗೆ.
ಐದು ಮಹಡಿ ತಾಮ್ರ ಇಳಿಸಿ,
ಅಂಗಳದ ನಿಂಬೆ ಗಿಡದ ಪಕ್ಕ ಸರಳು ಬಡಿದರು ಇಬ್ಬರೂ,
ಒಬ್ಬ ಹಿಡಿದ, ಒಬ್ಬ ಹೊಡೆದ,
ಸುತ್ತಿಗೆ ಕೈ ಬದಲಾಯಿಸುತ್ತ.

ದುಡ್ಡು ಮುಟ್ಟಲಿಲ್ಲ ಹುಡುಗ.
ಗೂಡಿನೆದುರು ಕುಕ್ಕುರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ.
"ಈ ಚುಕ್ಕಿ ರೆಕ್ಕೆಯದು ಮರಿ ಮಾಡಿದರೆ
ನನಗೊಂದು ಜೋಡಿ..."

ಈಗ ಫ್ರಿಜ್ಜು ರಾತ್ರಿಯಿಡೀ ಗುನುಗುತ್ತದೆ;
ಆ ಸುಖಕ್ಕೆ ನನಗೆ ನಿದ್ದೆ ಬರುವುದಿಲ್ಲ.
ಮೂರಾದರೆ ನಾಲ್ಕು ಪ್ಯಾನೆಲ್ ನೆರಳಿಗೆ. ನಿಜ.
ಹಿಕ್ಕೆ, ಅದೂ ನಿಜ;
ದಿನಾ ಬೆಳಗ್ಗೆ ಒದ್ದೆ ಬಟ್ಟೆ ಹಿಡಿದು ಒಬ್ಬ ಮುದುಕ.

ಸಂಜೆ ಕಡಲ ಮೇಲಿಂದ ಹಿಂಡು ತಿರುಗುತ್ತದೆ.
ನೀಲಿ ಕಂಡು ನೀರೆಂದುಕೊಂಡು
ಗಾಜಿಗೆ ಕೊಕ್ಕಿಡುತ್ತವೆ.
ಬೋಲ್ಟುಗಳ ದಾರಿ ಹಿಡಿದು ಆ ಸದ್ದು
ನನ್ನ ಅಡುಗೆಮನೆಗೆ ಇಳಿಯುತ್ತದೆ:
ತಕ್, ತಕ್.
ವಸೂಲಿಯವನೆಂದು ಕೈ ಒರೆಸಿಕೊಂಡು
ಬಾಗಿಲವರೆಗೂ ಹೋಗಿಬಿಡುತ್ತೇನೆ.
ಅಲ್ಲಿಂದ ವಾಪಸು ಬಂದು,
ಬೋಗುಣಿಯಲ್ಲಿ ನೀರು ತುಂಬಿಸಿ, ಗೊಣಗಿಕೊಂಡು,
ಮಾಳಿಗೆ ಹತ್ತುತ್ತೇನೆ.